ಚುಕ್ಕೆ ಲೆಕ್ಕ

ಶಿರಸಿಯಲ್ಲಿದ್ದುಕೊಂಡು ಕಥೋಲಿಕನೊಬ್ಬ ಬಾಯಿ ಕಟ್ಟುವುದು ಸುಲಭದ ಮಾತಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವುದು ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ತಪಸ್ಸುಕಾಲದಲ್ಲೇ. 2024ರಲ್ಲಂತೂ ಗರಿಗಳ ಭಾನುವಾರವೇ ಜಾತ್ರೆಯ ನಡುವೆ ಸಿಕ್ಕಿಬಿತ್ತು. ಕೈಯಲ್ಲಿ ಗರಿ, ಮೂಗಿನಲ್ಲಿ ಮಿರ್ಚಿ ಭಜಿಯ ಘಮ.

ಬಾಯಿಗೆ ಲಗಾಮು ಹಾಕಲು ನಾನು ಮೊರೆಹೋದದ್ದು ಸಂತ ಇಗ್ನೇಷಿಯಸ್ ಲೊಯೋಲಾರಿಗೆ. ಮೊದಲು ಯೋಧರಾಗಿದ್ದವರು, ಶಿಸ್ತು ಜಾಸ್ತಿ. ಆತ್ಮಪರೀಕ್ಷೆಗೆಂದು ಅವರು ಬರೆದ ಪುಸ್ತಕ ಅಚ್ಚಾದದ್ದು 1548ರಲ್ಲಿ. ಒಂದು ದುರ್ಗುಣ ಆರಿಸಿಕೊಳ್ಳಬೇಕು; ದಿನಕ್ಕೆರಡು ಗೆರೆ ಎಳೆದು, ಎಡವಿದಷ್ಟು ಸಲ ಚುಕ್ಕೆ ಇಡಬೇಕು; ಹೋದ ವಾರಕ್ಕೂ ಈ ವಾರಕ್ಕೂ ತಾಳೆ ನೋಡಬೇಕು. ಸೊಸೈಟಿ ಪಾಸ್‌ಬುಕ್ಕಿನ ಹಾಗೆ ಚೊಕ್ಕ ವ್ಯವಹಾರ. ನಾನು ಹಳೇ ಡೈರಿಯೊಂದರಲ್ಲಿ ಹೊಟ್ಟೆಬಾಕತನಕ್ಕೆ ಗೆರೆ ಎಳೆದೆ.

ಪಕ್ಕದ ಮನೆ ಭಟ್ಟರು ಇಣುಕಿದರು. "ಇದೂ ಪಾಪವೇನ್ರೀ ಮಾಸ್ತರ್ರೇ?"

ಏಳು ಮೂಲಪಾಪಗಳನ್ನು ಬಿಡಿಸಿ ಹೇಳಿದೆ.

"ನಮ್ಮದು ಅರಿಷಡ್ವರ್ಗ, ಆರೇ. ಹೊಟ್ಟೆಬಾಕತನ, ಸೋಮಾರಿತನ ಎರಡೂ ಪಟ್ಟಿಯಲ್ಲಿಲ್ಲ ನೋಡಿ!"

ಇರುವುದಾದರೂ ಹೇಗೆ? ಇದು ತೊಡೆದೇವು, ಅಪ್ಪೆಹುಳಿ, ಹಲಸಿನ ಹಪ್ಪಳದ ಸೀಮೆ. ಸಿದ್ದಾಪುರದ ಆಷಾಢದ ಮಳೆಯಲ್ಲಿ ಕಂಬಳಿ ಹೊದ್ದು ಮಲಗಿದವನನ್ನು ಸೋಮಾರಿ ಎನ್ನಲು ಪೋಪರಿಗೂ ಧೈರ್ಯ ಸಾಲದು. ಈಜಿಪ್ತಿನ ಮರಳುಗಾಡಿನಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಎಂಟು ಎಣಿಸಿದ್ದ, ಆರನೇ ಶತಮಾನದ ಕೊನೆಗೆ ಪೋಪ್ ಗ್ರೆಗರಿ ಏಳಕ್ಕಿಳಿಸಿದರು ಎಂದೆ. "ಹಾಗಾದ್ರೆ ಚೌಕಾಸಿಗೆ ಇನ್ನೂ ಜಾಗ ಇದ್ದು" ಎಂದರು ಭಟ್ಟರು.

ನಮ್ಮೂರ ಫಾದರ್‌ಗೆ ನನ್ನ ದನಿ ಗುರುತು ಸಿಗುತ್ತದೆಂದು ನಾನು ಪಾಪನಿವೇದನೆಗೆ ಯಲ್ಲಾಪುರಕ್ಕೆ ಹೋಗುವವ. ಒಮ್ಮೆ ಸಾಲಿನಲ್ಲಿ ನನ್ನ ಹಿಂದೆ ಸಿದ್ದಿ ಅಜ್ಜಿಯೊಬ್ಬಳಿದ್ದಳು. ಬಗಲಲ್ಲಿ ಡೈರಿ ಕಂಡು, "ನಿಮ್ದು ಉದ್ದ ಇದ್ರೆ ನಾ ಮೊದ್ಲು ಹೋಗ್ತೆ. ಊರಿಗೆ ಒಂದೇ ಬಸ್ಸು" ಎಂದಳು. ಒಳಗೆ ಹೋದವಳು ಚೀಲ ಕೆಳಗಿಡದೆಯೇ ಮೊಣಕಾಲೂರಿ, ಜಪಸರ ಬೆರಳಿಗೆ ಸುತ್ತಿಕೊಳ್ಳುತ್ತ ಎದ್ದು ಬಂದಳು. ಬಸ್ಸೂ ಸಿಕ್ಕಿರಬೇಕು. ನಾನಿನ್ನೂ ಪುಟ ಹುಡುಕುತ್ತಿದ್ದೆ.

ಈಗೀಗ ಚುಕ್ಕೆಗಳೇ ಕಡಿಮೆ. ನಾಲ್ಕು ಭಜಿ ತಿನ್ನುತ್ತಿದ್ದವನು ಒಂದಕ್ಕೆ ಬಂದಿದ್ದೇನೆ. ಹೆಂಡತಿ ಇದಕ್ಕೆ ಸಂಯಮ ಎನ್ನುವುದಿಲ್ಲ, ಶುಗರ್ ಎನ್ನುತ್ತಾಳೆ. ಸಿಟ್ಟೂ ಇಳಿದಿದೆ, ಬೈಸಿಕೊಳ್ಳಬೇಕಾದ ಮಕ್ಕಳು ಬೆಂಗಳೂರು ಸೇರಿ ವರ್ಷಗಳಾದವು. ಮತ್ಸರ ಪಡೋಣವೆಂದರೆ ಜೊತೆಯವರಲ್ಲಿ ಅರ್ಧ ಜನ ಸಿಮಿತ್ರಿಯಲ್ಲಿ ಮಲಗಿದ್ದಾರೆ. ಮನಸ್ಸಿನಲ್ಲಿ ನೆಲೆಗೊಂಡ ಒಳ್ಳೆಯ ರೂಢಿಯೇ ಸದ್ಗುಣ ಎಂದು ಥಾಮಸ್ ಅಕ್ವಿನಾಸ್ ವಿವರಿಸಿದ್ದಾರೆ. ಶುಗರಿನಿಂದ ನೆಲೆಗೊಂಡ ರೂಢಿಗೂ ಅದು ಅನ್ವಯವೇ?

ಕೊನೆಗೆ ನಮ್ಮೂರ ಫಾದರ್‌ಗೇ ಕೇಳಿಬಿಟ್ಟೆ: ಗುಣ ಬೆಳೆದದ್ದೋ, ಆಸೆ ಬತ್ತಿದ್ದೋ, ತಿಳಿಯುವುದು ಹೇಗೆ?

ತೀರಾ ಎಳೆಯರು, ಮೀಸೆಯಡಿ ನಕ್ಕರು. "ಮಾಸ್ತರ್ರೇ, ನನಗಿನ್ನೂ ಮೂವತ್ತು. ಅದನ್ನು ನೀವೇ ನನಗೆ ಹೇಳಬೇಕಲ್ಲ!"