ಎರಡು ನಿಲ್ದಾಣಗಳ ನಡುವೆ

ಒಂದು ಊರಿಗೆ ಒಂದೇ ನಿಲ್ದಾಣವಿದ್ದರೆ ಪ್ರಯಾಣಿಕನಿಗೆ ನೆಮ್ಮದಿ. ಇಳಿದಲ್ಲಿಯೇ ಮತ್ತೆ ಹತ್ತಬಹುದು. ಊರು ಬೆಳೆದು ನಿಲ್ದಾಣಗಳು ಎರಡಾದಾಗ ತೊಡಕು ಪ್ರಾರಂಭವಾಗುತ್ತದೆ. ಮೈಸೂರಿನಿಂದ ರೈಲಿನಲ್ಲಿ ಬಂದು ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇಳಿದು, ಮುಂದಿನ ಗಾಡಿ ಯಶವಂತಪುರದಿಂದ ಹೊರಡುತ್ತದೆಂದು ತಿಳಿದು, ಗಂಟುಮೂಟೆಗಳೊಡನೆ ಆಟೋರಿಕ್ಷಾದವನ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಮಾನಗಳ ವಿಷಯದಲ್ಲಿಯೂ ಹೀಗೆಯೇ. ಪ್ಯಾರಿಸ್ಸಿಗೆ ಓರ್ಲಿ ಮತ್ತು ಚಾರ್ಲ್ಸ್ ದ ಗಾಲ್. ಟೋಕಿಯೋ ನಗರಕ್ಕೆ ಹನೇಡ ಮತ್ತು ನರಿತ. ಲಂಡನ್ನಿನ ಹೆಸರನ್ನು ಹೊತ್ತ ವಿಮಾನ ನಿಲ್ದಾಣಗಳಂತೂ ಐದಾರು ಇವೆ.

ಅವುಗಳಲ್ಲಿ ದೊಡ್ಡವು ಎರಡು. ನಗರದ ಪಶ್ಚಿಮಕ್ಕಿರುವ ಹೀಥ್ರೂ 1946ರಲ್ಲಿ ಸಾರ್ವಜನಿಕರಿಗಾಗಿ ತೆರೆದಾಗ ಪ್ರಯಾಣಿಕರು ಡೇರೆಗಳಲ್ಲಿ ಕುಳಿತು ವಿಮಾನಕ್ಕಾಗಿ ಕಾಯುತ್ತಿದ್ದರು. ದಕ್ಷಿಣಕ್ಕಿರುವ ಗ್ಯಾಟ್‌ವಿಕ್ ಹೊಸ ರೂಪ ತಳೆದು 1958ರಲ್ಲಿ ರಾಣಿ ಎರಡನೆಯ ಎಲಿಜಬೆತ್ತಳಿಂದ ಉದ್ಘಾಟನೆಗೊಂಡಿತು. ಎರಡರ ನಡುವೆ ರಸ್ತೆಯ ಮೇಲೆ ಸುಮಾರು 65 ಕಿಲೋಮೀಟರುಗಳ ಅಂತರ. 1978ರಿಂದ 1986ರವರೆಗೆ ಇಲ್ಲಿಂದ ಅಲ್ಲಿಗೆ ಹೆಲಿಕಾಪ್ಟರೊಂದು ಹಾರಾಡುತ್ತಿತ್ತು. ಕಾಲು ಗಂಟೆಯ ಪ್ರಯಾಣ. ಕೆಳಗಿದ್ದ ಊರುಗಳವರು ಅದರ ಸದ್ದನ್ನು ಸಹಿಸದೆ ದೂರಿದರು. ಲಂಡನ್ನನ್ನು ಬಳಸಿಕೊಂಡು ಹೋಗುವ ವರ್ತುಲ ಹೆದ್ದಾರಿ ಎರಡು ನಿಲ್ದಾಣಗಳನ್ನೂ ಬೆಸೆದ ಮೇಲೆ ಆ ಸೇವೆ ನಿಂತುಹೋಯಿತು. ಈಗ ಹೆಚ್ಚಿನವರು ಬಸ್ಸನ್ನೋ ಕಾರನ್ನೋ ಹತ್ತಿ ಆ ಹೆದ್ದಾರಿಯನ್ನೇ ನಂಬಬೇಕು.

2019ರ ಮೇ ತಿಂಗಳಿನಲ್ಲಿ ಹೀಗೆ ನಂಬಿ ಹೊರಟವರಲ್ಲಿ ತೀರ್ಥಹಳ್ಳಿಯ ಕಡೆಯ ಅಜ್ಜಿಯೊಬ್ಬರೂ ಅವರ ಮೊಮ್ಮಗನೂ ಇದ್ದರು. ಅಜ್ಜಿಗೆ ಆಗ ಎಪ್ಪತ್ತಾರು ವರ್ಷ. ಮಗಳು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ವೈದ್ಯೆ. ಬೆಂಗಳೂರಿನಿಂದ ಹೀಥ್ರೂವಿಗೆ ಒಂದು ಚೀಟಿ. ಗ್ಯಾಟ್‌ವಿಕ್ಕಿನಿಂದ ಬೆಲ್‌ಫಾಸ್ಟಿಗೆ ಮತ್ತೊಂದು. ಹೀಗೆ ಬಿಡಿಬಿಡಿಯಾಗಿ ಕೊಂಡದ್ದರಿಂದ ಹಣವೇನೋ ಉಳಿಯಿತು. ಆದರೆ ಎರಡು ಚೀಟಿಗಳ ನಡುವಿನ ಜವಾಬ್ದಾರಿ ಯಾವ ವಿಮಾನ ಸಂಸ್ಥೆಗೂ ಸೇರಿದ್ದಲ್ಲ. ಪೆಟ್ಟಿಗೆಗಳನ್ನು ತಾವೇ ಬಿಡಿಸಿಕೊಳ್ಳಬೇಕು, ತಾವೇ ಸಾಗಿಸಬೇಕು. ತಡವಾಗಿ ವಿಮಾನ ತಪ್ಪಿದರೆ ಹೊಸ ಚೀಟಿಯನ್ನೂ ತಾವೇ ಕೊಳ್ಳಬೇಕು.

ಮೊಮ್ಮಗ ಜಾಣ. ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದಿಟ್ಟಿದ್ದ. ಮಧ್ಯಾಹ್ನ ಒಂದೂಕಾಲಕ್ಕೆ ಇಳಿಯುವುದು. ಪಾಸ್‌ಪೋರ್ಟಿನ ತಪಾಸಣೆ, ಪೆಟ್ಟಿಗೆ, ಸುಂಕದ ಕಟ್ಟೆ ಇವಕ್ಕೆ ಎರಡು ಗಂಟೆ. ಮೂರು ಇಪ್ಪತ್ತರ ಬಸ್ಸು. ಸಂಜೆ ಏಳೂಕಾಲಕ್ಕೆ ವಿಮಾನ. ಹಾಲಿನ ಪದಾರ್ಥಗಳನ್ನು ಆ ದೇಶದೊಳಕ್ಕೆ ಬಿಡುವುದಿಲ್ಲವೆಂದು ಓದಿ, ಮಗಳಿಗೆಂದು ಅಜ್ಜಿ ಕಾಯಿಸಿದ್ದ ತುಪ್ಪದ ಡಬ್ಬಿಯನ್ನು ಮನೆಯಲ್ಲಿಯೇ ಬಿಡಿಸಿದ್ದ. ಅಪ್ಪೆಮಿಡಿಯ ಉಪ್ಪಿನಕಾಯಿ ಮಾತ್ರ ನಾಲ್ಕು ಸುತ್ತು ಬಟ್ಟೆಯಲ್ಲಿ ಅಡಗಿ ಪೆಟ್ಟಿಗೆಯೊಳಗೆ ಕುಳಿತಿತ್ತು. ಎರಡು ನಿಲ್ದಾಣಗಳ ವಿಷಯವನ್ನು ಅವನು ವಿವರಿಸಿದಾಗ ಅಜ್ಜಿ, “ಮೆಜೆಸ್ಟಿಕ್ಕಿನಲ್ಲಿ ಇಳಿದು ಕಲಾಸಿಪಾಳ್ಯಕ್ಕೆ ಹೋಗಿ ಬಸ್ಸು ಹಿಡಿದ ಹಾಗೆ, ಅಷ್ಟೇ ತಾನೆ?” ಎಂದು ಅವನ ಹಾಳೆಯನ್ನು ಒಂದೇ ವಾಕ್ಯಕ್ಕೆ ಇಳಿಸಿಬಿಟ್ಟರು.

ವಿಮಾನದಲ್ಲಿ ಮೋಡಗಳನ್ನು ನೋಡಲೆಂದು ಅವನು ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿದ್ದ. ಪ್ರೀತಿಯಿಂದ ಮಾಡಿದ ಈ ಏರ್ಪಾಡಿನಲ್ಲಿ ಒಂದು ಕಷ್ಟವಿತ್ತು. ಬಚ್ಚಲಿಗೆ ಹೋಗಬೇಕಾದರೆ ನಿದ್ದೆ ಮಾಡುತ್ತಿದ್ದ ಮೊಮ್ಮಗನನ್ನೂ, ಅವನ ಆಚೆಗಿದ್ದ ಅಪರಿಚಿತರನ್ನೂ ಎಬ್ಬಿಸಬೇಕು. ಅಜ್ಜಿ ಯಾರನ್ನೂ ಎಬ್ಬಿಸಲಿಲ್ಲ. ಎಬ್ಬಿಸಬೇಕಾಗದಿರಲು ಅವರು ಕಂಡುಕೊಂಡ ಉಪಾಯ ನಮ್ಮ ದೇಶದ ಹೆಂಗಸರು ಬಸ್ಸು, ರೈಲುಗಳ ಪ್ರಯಾಣದಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದದ್ದೇ: ನೀರು ಕುಡಿಯದಿರುವುದು. ಗಗನಸಖಿ ಬಂದಾಗಲೆಲ್ಲ ನಗುತ್ತ ಕೈಯಾಡಿಸಿ ಬೇಡವೆಂದರು. ರಕ್ತದೊತ್ತಡದ ಮಾತ್ರೆಯನ್ನು ಒಂದೇ ಗುಟುಕಿನಲ್ಲಿ ನುಂಗಿದರು.

ಎತ್ತರದಲ್ಲಿ ಹಾರುವ ವಿಮಾನದ ಒಳಗಿನ ಗಾಳಿ ಬಹಳ ಒಣಗಿದ್ದು. ಅದರ ತೇವಾಂಶ ಅನೇಕ ವೇಳೆ ಶೇಕಡಾ 20ಕ್ಕಿಂತಲೂ ಕಡಿಮೆ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ದೇಹಕ್ಕೆ ನೀರು ಬೇಕಾಗಿದ್ದರೂ ನಾಲಗೆ ಕೇಳುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಇದ್ದ ನೀರನ್ನೂ ದೇಹದಿಂದ ಹೊರಗೆ ಕಳುಹಿಸುವಂಥವು. ಮೂರೂ ಒಟ್ಟುಗೂಡಿ ಹತ್ತು ಗಂಟೆಗೂ ಮೀರಿದ ಆ ಪ್ರಯಾಣದಲ್ಲಿ ಸದ್ದಿಲ್ಲದೆ ತಮ್ಮ ಕೆಲಸವನ್ನು ಮಾಡುತ್ತಿದ್ದವು.

ಹೀಥ್ರೂವಿನಲ್ಲಿ ಬಾಗಿಲ ಬಳಿಯೇ ಗಾಲಿಕುರ್ಚಿ ಕಾದಿತ್ತು. “ನನಗೇನು ಕಾಲಿಲ್ಲವೆ?” ಎಂದು ಅಜ್ಜಿ ಮೊದಲು ಮುನಿದರು. ಕುರ್ಚಿಯ ಹುಡುಗ ಮಾತಾಡದೆ ಉದ್ದನೆಯ ಓಣಿಯನ್ನು ತೋರಿಸಿದ. ಅದರ ಕೊನೆ ಕಾಣುತ್ತಿರಲಿಲ್ಲ. ಅಜ್ಜಿ ಕುಳಿತರು. ವೃದ್ಧರಿಗೂ ಅಂಗವಿಕಲರಿಗೂ ನಿಲ್ದಾಣದವರು ಇಂತಹ ನೆರವನ್ನು ಉಚಿತವಾಗಿ ಒದಗಿಸಲೇಬೇಕೆಂಬ ನಿಯಮ ಅಲ್ಲಿ 2008ರಿಂದ ಪೂರ್ಣವಾಗಿ ಜಾರಿಯಲ್ಲಿದೆ. 48 ಗಂಟೆಗಳ ಮೊದಲು ತಿಳಿಸಿರಬೇಕು, ಅಷ್ಟೆ. ಮೊಮ್ಮಗ ತಿಳಿಸಿದ್ದ. ಓಣಿಗಳು ಕಳೆದವು, ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ಪೆಟ್ಟಿಗೆಗಳು ಸಿಕ್ಕಿದವು, ಉಪ್ಪಿನಕಾಯಿ ಸುಂಕದ ಕಟ್ಟೆಯನ್ನು ದಾಟಿತು. ಗಡಿಯಾರವೂ ಹಾಳೆಯೂ ಒಂದೇ ಮಾತನ್ನು ಹೇಳುತ್ತಿದ್ದವು.

ಬಸ್ಸು ನಿಲ್ಲುವ ಕಡೆಗೆ ಬಂದಾಗ ಕುರ್ಚಿಯ ಹುಡುಗ ವಿನಯದಿಂದ ವಂದಿಸಿ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದ. ಅದು ಹೀಥ್ರೂವಿನ ಸೊತ್ತು. ಹೀಥ್ರೂ ಮುಗಿದಲ್ಲಿ ಅದರ ಓಟವೂ ಮುಗಿಯಿತು. ಇನ್ನೊಂದು ಕುರ್ಚಿ ಇರುವುದು ಗ್ಯಾಟ್‌ವಿಕ್ಕಿನಲ್ಲಿ. ನಡುವಿನ 65 ಕಿಲೋಮೀಟರುಗಳಲ್ಲಿ ಅಜ್ಜಿಗೆ ಇದ್ದದ್ದು ಒಂದು ಊರುಗೋಲು ಮತ್ತು ಮೊಮ್ಮಗನ ತೋಳು.

ಮೂರು ಇಪ್ಪತ್ತರ ಬಸ್ಸು ಬಂದು ನಿಂತಿತ್ತು. ಚಾಲಕ ಇವರ ಪೆಟ್ಟಿಗೆಗಳನ್ನು ಎತ್ತಿಡಲು ಕೈ ಚಾಚಿದ. ಅಜ್ಜಿ ಬೆಂಚಿನಿಂದ ಎದ್ದರು. ಎದ್ದವರು ಮೊಮ್ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, “ಮಗೂ, ಕಣ್ಣು ಕತ್ತಲೆ ಬರುತ್ತಿದೆ” ಎಂದರು. ಮುಖ ಬಿಳಿಚಿಕೊಂಡಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

“ನೀರು ಯಾವಾಗ ಕುಡಿದೆ ಅಜ್ಜಿ?”

“ಬೆಂಗಳೂರಿನಲ್ಲಿ.”

ಚಾಲಕ ಗಡಿಯಾರವನ್ನು ನೋಡಿದ. ಈ ಬಸ್ಸು ತಪ್ಪಿದರೆ ಮುಂದಿನದು ನಾಲ್ಕು ಗಂಟೆಗೆ. ಹಾಳೆಯಲ್ಲಿ ಆ ನಲವತ್ತು ನಿಮಿಷಗಳಿಗೆ ಎಡೆಯಿರಲಿಲ್ಲ. ಬಸ್ಸಿನೊಳಗೆ ಕೂರಿಸಿ ಅಲ್ಲಿಯೇ ನೀರು ಕುಡಿಸಬಹುದೆಂದು ಮೊಮ್ಮಗನಿಗೆ ತೋರದೆ ಇರಲಿಲ್ಲ. ಆದರೆ ಅಜ್ಜಿ ಬಾಗಿಲಿನ ಮೆಟ್ಟಿಲುಗಳನ್ನು ನೋಡುತ್ತಿದ್ದ ರೀತಿ ಅವನ ಕಣ್ಣಿಗೆ ಬಿತ್ತು. ಕಾಗದದ ಮೇಲೆ ಅವು ಇರಲಿಲ್ಲ. ಇಲ್ಲಿ ಒಂದರ ಮೇಲೊಂದು ನಿಂತಿದ್ದವು. ಅವನು ಚಾಲಕನಿಗೆ ಬೇಡವೆಂದು ತಲೆಯಾಡಿಸಿದ. ಬಸ್ಸು ಹೊರಟುಹೋಯಿತು.

ಅಂಗಡಿಯಿಂದ ಎರಡು ಸೀಸೆ ನೀರು ತಂದ. ಅಜ್ಜಿ ತಮ್ಮ ಕೈಚೀಲದಿಂದ ಕಲ್ಲುಸಕ್ಕರೆಯ ಗಂಟನ್ನು ತೆಗೆದು ಒಂದು ಹರಳನ್ನು ಬಾಯಿಗೆ ಹಾಕಿಕೊಂಡು ಗುಟುಕು ಗುಟುಕಾಗಿ ಕುಡಿದರು. ಬಿಸಿಲಿಗೆ ಬಿದ್ದ ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವ ಸೀಮೆಯವರು. ಸ್ವಲ್ಪ ಚೇತರಿಸಿಕೊಂಡೊಡನೆ ಕೇಳಿದ ಮೊದಲ ಪ್ರಶ್ನೆ ನೀರಿನ ಬೆಲೆ. ಅದನ್ನು ರೂಪಾಯಿಗೆ ಪರಿವರ್ತಿಸಿ ಹೇಳಿದ್ದು ಮೊಮ್ಮಗನ ಅವಿವೇಕವೆಂದೇ ಹೇಳಬೇಕು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದ ಮೇಲೆ ಅಜ್ಜಿಯ ಕಣ್ಣಿಗೆ ಬೆಳಕು ಬಂತು. ಅರ್ಧ ಗಂಟೆ ಇಬ್ಬರೂ ಸುಮ್ಮನೆ ಕುಳಿತಿದ್ದರು.

ನಾಲ್ಕರ ಬಸ್ಸಿಗೆ ಹೊಸ ಚೀಟಿ ಕೊಳ್ಳಬೇಕಾಯಿತು. ಹೆದ್ದಾರಿಯಲ್ಲಿ ಕಚೇರಿಗಳು ಬಿಡುವ ಹೊತ್ತು. 188 ಕಿಲೋಮೀಟರು ಸುತ್ತಳತೆಯ ಆ ವರ್ತುಲ ರಸ್ತೆ ಪೂರ್ಣವಾದದ್ದು 1986ರಲ್ಲಿ. ಅಂದಿನಿಂದಲೂ ಅದು ವಾಹನಗಳ ಸಂದಣಿಗೆ ಹೆಸರಾಗಿದೆ. ಬಸ್ಸು ತೆವಳಿತು, ನಿಂತಿತು, ಮತ್ತೆ ತೆವಳಿತು. ಮೊಮ್ಮಗ ಗಡಿಯಾರವನ್ನು ನೋಡುತ್ತಿದ್ದ. ಅಜ್ಜಿಯ ಗಡಿಯಾರವಾದರೋ ಇನ್ನೂ ನಾಲ್ಕೂವರೆ ಗಂಟೆ ಮುಂದಿತ್ತು. ಅದರ ಪ್ರಕಾರ ರಾತ್ರಿಯ ಊಟವಾಗಿ ಮಲಗುವ ಹೊತ್ತು. “ಇಷ್ಟು ಬೆಳಕಿದೆಯಲ್ಲ, ಇನ್ನೂ ಸಮಯವಿದೆ ಬಿಡು” ಎಂದು ಅವರು ಅವನನ್ನು ಸಮಾಧಾನಪಡಿಸಿದರು.

ಗ್ಯಾಟ್‌ವಿಕ್ ಸೇರಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಪೆಟ್ಟಿಗೆ ಒಪ್ಪಿಸಿಕೊಳ್ಳುವ ಕಟ್ಟೆ ಮುಚ್ಚುವುದು ವಿಮಾನ ಹೊರಡುವುದಕ್ಕೆ ನಲವತ್ತು ನಿಮಿಷ ಮೊದಲು. ಬಸ್ಸು ನಿಂತದ್ದು ದಕ್ಷಿಣದ ಕಟ್ಟಡದಲ್ಲಿ. ವಿಮಾನ ಹೊರಡುವುದು ಉತ್ತರದ ಕಟ್ಟಡದಿಂದ.

“ಇಲ್ಲಿಯೂ ಎರಡೇ?” ಎಂದರು ಅಜ್ಜಿ.

ಎರಡು ಕಟ್ಟಡಗಳ ನಡುವೆ ಚಾಲಕನಿಲ್ಲದೆ ಓಡುವ ಪುಟ್ಟ ರೈಲಿದೆ. ಅಜ್ಜಿ ಕಂಬವನ್ನು ಹಿಡಿದು ನಿಂತು, ಮುಂದುಗಡೆ ಯಾರೂ ಇಲ್ಲದ್ದನ್ನು ಕಂಡು, ಮೊಮ್ಮಗನ ಕೈಯನ್ನೂ ಹಿಡಿದುಕೊಂಡರು. ಎರಡೇ ನಿಮಿಷಗಳಲ್ಲಿ ಉತ್ತರದ ಕಟ್ಟಡ ಬಂತು. ಎರಡನೆಯ ಕುರ್ಚಿಯನ್ನು ಈ ಬಾರಿ ಅಜ್ಜಿಯೇ ಕೇಳಿ ಪಡೆದರು. ಆರು ಇಪ್ಪತ್ತಕ್ಕೆ ಪೆಟ್ಟಿಗೆಗಳು ಪಟ್ಟಿಯ ಮೇಲೆ ಒಳಕ್ಕೆ ಹೋದವು.

ಭದ್ರತಾ ತಪಾಸಣೆಯ ಮುಂದೆ ಸಿಬ್ಬಂದಿಯವನೊಬ್ಬ ಅಜ್ಜಿಯ ಮಡಿಲಲ್ಲಿದ್ದ ಸೀಸೆಯನ್ನು ತೋರಿಸಿ, ಪಕ್ಕದ ಕಸದ ತೊಟ್ಟಿಯನ್ನು ತೋರಿಸಿದ. 100 ಮಿಲಿಲೀಟರಿಗಿಂತ ಹೆಚ್ಚಿನ ನೀರನ್ನು ಆಗ ಒಳಕ್ಕೆ ಬಿಡುತ್ತಿರಲಿಲ್ಲ. ಸೀಸೆಯಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

“ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲುವುದೆ?” ಎಂದು ಅಜ್ಜಿ ಮುಚ್ಚಳವನ್ನು ತಿರುಗಿಸಿದರು. ಹಿಂದಿದ್ದವರೆಲ್ಲ ಕಾದರು. ಸೀಸೆಯನ್ನು ಎತ್ತಿ, ತುಟಿಗೆ ತಾಗಿಸದೆ, ಒಂದು ಹನಿಯೂ ಸೀರೆಯ ಮೇಲೆ ಬೀಳದಂತೆ ಪೂರ್ತಿ ಕುಡಿದರು. ಬಳಿಕ ಖಾಲಿ ಸೀಸೆಯನ್ನು ಆ ಸಿಬ್ಬಂದಿಯ ಕೈಗಿತ್ತು, ಮೊಮ್ಮಗನ ಕಡೆಗೆ ತಿರುಗಿ, “ಈ ವಿಮಾನದಲ್ಲಿ ಕಿಟಕಿಯ ಪಕ್ಕ ನೀನು ಕೂತುಕೋ” ಎಂದರು.