ಬಿಲ್ಲಿನೊಳಗಿನ ಗಿರಾಕಿ

ಕನ್ಸಲ್ಟಿಂಗ್ ಶುರುಮಾಡುವ ಗೆಳೆಯರಿಗೆಲ್ಲ ನಾನು ಹೇಳುವುದು ಡನ್‌ಹಂಬಿಯ ಕಥೆ. ಎಡ್ವಿನಾ ಡನ್, ಕ್ಲೈವ್ ಹಂಬಿ ದಂಪತಿ 1989ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಪುಟ್ಟ ಸಂಸ್ಥೆ. ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಸರಪಳಿ ಟೆಸ್ಕೊ ತನ್ನ ಗಿರಾಕಿಗಳಿಗೆ ಕೊಡುವ ಕ್ಲಬ್‌ಕಾರ್ಡ್ ಎಂಬ ಲಾಯಲ್ಟಿ ಕಾರ್ಡನ್ನು ಕೆಲವೇ ಅಂಗಡಿಗಳಲ್ಲಿ ಪರೀಕ್ಷಿಸುತ್ತಿದ್ದಾಗ ಇವರು ಬಿಲ್ಲುಗಳ ರಾಶಿಯನ್ನೇ ಜಾಲಾಡಿದರು. ಯಾರು ವಾರವಾರ ಬರುತ್ತಾರೆ? ಹಾಲು, ಬ್ರೆಡ್ ಇಲ್ಲಿ ಕೊಂಡು ಮಾಂಸಕ್ಕೆ ಬೇರೆ ಅಂಗಡಿಗೆ ಹೋಗುವವರು ಯಾರು? ಬುಟ್ಟಿಯಲ್ಲಿ ಇಲ್ಲದ್ದನ್ನೂ ಓದುವ ಆ ಜಾಣ್ಮೆ ನನಗೆ ಇಂದಿಗೂ ಬೆರಗು. ತನ್ನ ಗಿರಾಕಿಗಳ ಬಗ್ಗೆ ತನಗೆ 30 ವರ್ಷದಲ್ಲಿ ತಿಳಿಯದಷ್ಟು ಇವರಿಗೆ ಮೂರೇ ತಿಂಗಳಲ್ಲಿ ತಿಳಿದುಬಿಟ್ಟಿದೆ, ಅದೇ ಭಯ ಎಂದರಂತೆ ಟೆಸ್ಕೊ ಅಧ್ಯಕ್ಷ ಇಯಾನ್ ಮೆಕ್ಲಾರಿನ್. ಸಲಹೆ ಹೇಳುವವರು ಲಂಡನ್ನಿನಲ್ಲಿ ಆಗಲೂ ಬೇಕಾದಷ್ಟಿದ್ದರು. ಆದರೆ ಅಧ್ಯಕ್ಷರಿಂದ ಈ ಮಾತು ಕೇಳಿಸಿಕೊಂಡವರು ಇವರಿಬ್ಬರು. 1995ರ ಫೆಬ್ರವರಿಯಲ್ಲಿ ಕಾರ್ಡು ದೇಶದ ತುಂಬ ಬಂತು. 2001ರಲ್ಲಿ ಟೆಸ್ಕೊ ಈ ಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನೇ ಕೊಂಡುಕೊಂಡಿತು.