ಗೋಲು ಹೊಡೆಯದವರು

ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್ ಅಂದರೆ ಕೆಜಿಎಫ್, ಅಷ್ಟೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಯಲು ಕಂಡರೆ ಹುಡುಗರು ಮೂರು ಕಡ್ಡಿ ನೆಟ್ಟು ಕ್ರಿಕೆಟ್ ಶುರು ಮಾಡುತ್ತಾರೆ, ಊರಹಬ್ಬ ಬಂದರೆ ಕಬಡ್ಡಿ. ಹೋಬಳಿ ಮಟ್ಟದ ಇಲಾಖಾ ಕ್ರೀಡಾಕೂಟದಲ್ಲಿ ಫುಟ್‌ಬಾಲಿಗೆ ಎರಡು ತಂಡ ಬಂದರೆ ಅದೇ ಹೆಚ್ಚು. ಒಂದೇ ಬಂದರೆ ಆಡದೆಯೇ ತಾಲ್ಲೂಕಿಗೆ ಹೋಗಬಹುದು. ನಮ್ಮ ಶಾಲೆ ಹಾಗೆ ಚೆಂಡು ಮುಟ್ಟದೆ ಗೆದ್ದದ್ದುಂಟು.

ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪುಗಳ ನಡುವಿನ ಆ ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಬಂದವರು ಬೆಂಗಳೂರಿನ ಲೀಗುಗಳಲ್ಲಿ ಹತ್ತು ಹನ್ನೆರಡು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿದ್ದರು. ನಾನು ಅಲ್ಲಿ ಕನ್ನಡ ಟೀಚರು. ಅವರದು ಮನೆಯಲ್ಲಿ ತಮಿಳು, ಮೈದಾನದಲ್ಲಿ ಮಕ್ಕಳ ಜೊತೆ ತೆಲುಗು, ಸ್ಟಾಫ್ ರೂಮಿನಲ್ಲಿ ಕನ್ನಡ. ನಮ್ಮ ಗಡಿಯಲ್ಲಿ ಇದನ್ನು ಯಾರೂ ಪ್ರತಿಭೆ ಎನ್ನುವುದಿಲ್ಲ.

“ಎಷ್ಟು ಗೋಲು ಹೊಡೆದಿದ್ದೀರಿ ಸಾರ್?” ಎಂದು ಕೇಳಿದೆ. ಫುಟ್‌ಬಾಲ್ ಗೊತ್ತಿಲ್ಲದವರು ಕೇಳುವ ಮೊದಲ ಪ್ರಶ್ನೆ ಇದೇ ಇರಬೇಕು.

“ಎಣಿಸೋಕೆ ಒಂದು ಕೈ ಸಾಕು ಮೇಡಂ. ನಾನು ಮಿಡ್‌ಫೀಲ್ಡು. ನಮ್ಮಪ್ಪನ ಕಾಲದಲ್ಲಿ ಹಾಫ್ ಅಂತಿದ್ರು.”

ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ ಅದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬ್ರಿಟಿಷರ ಜೊತೆ ಬಂದ ಆಟ ಕೂಲಿಲೈನುಗಳ ಮಕ್ಕಳ ಕಾಲಿಗೂ ಅಂಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮೇಷ್ಟ್ರು ಹೈಸ್ಕೂಲಿನಲ್ಲಿದ್ದರು. ಆಮೇಲೆ ಇಡೀ ಊರೇ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟಿತು. ಮಾರಿಕುಪ್ಪಂನಿಂದ ಹೊರಟ ಗಾಡಿ ಬಂಗಾರಪೇಟೆ, ಟೇಕಲ್, ಮಾಲೂರು ದಾಟುವಷ್ಟರಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ಅದೇ ಗಾಡಿಯಲ್ಲಿ ಬೂಟಿನ ಚೀಲ ಎದೆಗವಚಿಕೊಂಡು ಇವರೂ ನಿಲ್ಲುತ್ತಿದ್ದರು. ಕಂಟೋನ್ಮೆಂಟಿನಲ್ಲಿ ಇಳಿದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಸೇರಿ, ಮಧ್ಯಾಹ್ನದ ಬಿಸಿಲಲ್ಲಿ ತೊಂಬತ್ತು ನಿಮಿಷ ಓಡಿ, ಸಂಜೆ ಮತ್ತೆ ನಿಂತುಕೊಂಡೇ ವಾಪಸ್ಸು. ಮೈದಾನದಲ್ಲಿ ಮಿಡ್‌ಫೀಲ್ಡಿನವನು ಹತ್ತು ಕಿಲೋಮೀಟರಿನಷ್ಟು ಓಡುತ್ತಾನಂತೆ. ರೈಲಿನದು ಲೆಕ್ಕಕ್ಕಿಲ್ಲ.

ಬೆಂಗಳೂರಿನ ಲೀಗಿನಲ್ಲಿ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಎಂದು ಮೆಟ್ಟಿಲುಗಳಿವೆ. ಒಂದು ಕಾಲಕ್ಕೆ ಅಲ್ಲಿ ಆಡುವುದೆಂದರೆ ಕಾರ್ಖಾನೆ ಸೇರುವುದು ಎಂದೇ ಅರ್ಥವಾಗಿತ್ತು. ಐಟಿಐ, ಎಚ್‌ಎಎಲ್‌ಗಳು ಚೆನ್ನಾಗಿ ಆಡುವ ಹುಡುಗನಿಗೆ ನೌಕರಿ ಕೊಡುತ್ತಿದ್ದವು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ಇದೇ ಐಟಿಐ, ಅದೂ ಫೈನಲ್ಲಿನಲ್ಲಿ ಮೋಹನ್ ಬಾಗಾನನ್ನು ಒಂದು ಗೋಲಿನಿಂದ ಸೋಲಿಸಿ. ಟೆಲಿಫೋನ್ ತಯಾರಿಸುವವರು ಕಲ್ಕತ್ತೆಯ ದೊಡ್ಡಣ್ಣನನ್ನು ಮಣ್ಣುಮುಕ್ಕಿಸಿದ ಕಥೆ ಹೇಳುವಾಗ ಮೇಷ್ಟ್ರ ಮುಖ ನೋಡಬೇಕು, ಆಗಿನ್ನೂ ಅವರು ಹುಟ್ಟಿರಲೇ ಇಲ್ಲ. ಅವರ ಸರದಿ ಬರುವಷ್ಟರಲ್ಲಿ ಆ ನೌಕರಿಗಳು ಕರಗಿದ್ದವು. ಉಳಿದದ್ದು ಸೀಸನ್ನಿನ ಕರಾರು. ಆರೇಳು ತಿಂಗಳು ಕೈಗೆ ಸ್ವಲ್ಪ ದುಡ್ಡು, ಆಮೇಲೆ ಮುಂದಿನ ವರ್ಷ ಯಾರು ಕರೆಯುತ್ತಾರೋ ಎಂದು ಫೋನ್ ನೋಡುತ್ತ ಕೂರುವುದು.

ಬಿಡುವಿನ ತಿಂಗಳುಗಳಲ್ಲಿ ಕೇರಳದ ಸೆವೆನ್ಸ್‌ಗೆ ಹೋಗುತ್ತಿದ್ದರು. ಮಲಪ್ಪುರಂ ಕಡೆ ಬಯಲಿಗೆ ಗ್ಯಾಲರಿ ಕಟ್ಟಿ, ದೀಪ ಹಾಕಿ, ಏಳೇಳು ಜನರ ಆಟ. ಆಟ ಮುಗಿದ ರಾತ್ರಿಯೇ ಕೈಗೆ ನಗದು. “ಏಳು ಜನರ ಆಟದಲ್ಲಿ ಹಾಫ್‌ಗೆ ಏನು ಕೆಲಸ ಮೇಡಂ, ಹಿಂದಿನವನು ಒದ್ದಿದ್ದು ನೇರ ಮುಂದಿನವನ ಹತ್ರ ಹೋಗುತ್ತೆ. ಅಲ್ಲಿ ನಂಗೂ ಗೋಲಿನ ಆಸೆ ಹತ್ತಿತು. ಮುಂದೆ ನುಗ್ಗಿದೆ, ಮಂಡಿ ಹೋಯ್ತು.” ಲಿಗಮೆಂಟು ಹರಿದರೆ ಮತ್ತೆ ಆಡಲು ಆರು ತಿಂಗಳಿಂದ ಒಂದು ವರ್ಷ. ದೊಡ್ಡ ಕ್ಲಬ್ಬಿನವನಿಗೆ ಅದು ವಿಶ್ರಾಂತಿ. ಇವರಿಗೆ ಒಂದು ಇಡೀ ವರ್ಷದ ಅನ್ನ. ಆ ಬಿಡುವಿನಲ್ಲೇ ಬಿ.ಪಿ.ಎಡ್. ಸೇರಿದ್ದು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು. ಆ ವರ್ಷ ಅದರ ತವರು ಮೈದಾನವೂ ಅಶೋಕನಗರದ್ದೇ. ಇವರು ಹತ್ತಾರು ಜನರ ಮುಂದೆ ಓಡಿದ ಅದೇ ಕೃತಕ ಹುಲ್ಲಿನ ಮೇಲೆ ಸುನಿಲ್ ಛೆಟ್ರಿ ಬಂದು ಆಡಿದಾಗ ಸ್ಟ್ಯಾಂಡು ಹಾಡುತ್ತಿತ್ತು. ಹೊಟ್ಟೆಕಿಚ್ಚಾಗಲಿಲ್ಲವೇ ಎಂದರೆ, “ಟಿಕೆಟ್ ತಗೊಂಡು ಹೋಗಿದ್ದೆ. ಛೆಟ್ರಿನ ನೋಡಲಿಲ್ಲ, ಅವನಿಗೆ ಚೆಂಡು ಯಾರು ಕೊಡ್ತಾರೆ ಅಂತ ನೋಡ್ತಿದ್ದೆ” ಎಂದರು.

ನನಗೆ ಈ ಮಿಡ್‌ಫೀಲ್ಡಿನ ಆಟಗಾರನ ಕೆಲಸ ಅರ್ಥವಾದದ್ದು ಬಹಳ ತಡವಾಗಿ. ನಮ್ಮದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ನಡುವಿನ ಕೆರೆಗೆ, ಅದು ತುಂಬಿದರೆ ಕೆಳಗಿನದಕ್ಕೆ. ನಡುವಿನ ಕೆರೆ ಒಡೆದರೆ ಕೆಳಗಿನ ಊರಿನವರಿಗೆ ತಕ್ಷಣ ಗೊತ್ತಾಗುತ್ತದೆ, ಗಟ್ಟಿಯಾಗಿರುವಷ್ಟು ಕಾಲ ಅದರ ಹೆಸರೂ ಅವರ ಬಾಯಲ್ಲಿರುವುದಿಲ್ಲ.

ಮೇಷ್ಟ್ರ ಹತ್ತಿರ ಪ್ಲಾಸ್ಟಿಕ್ ಫೈಲೊಂದಿದೆ, ಪತ್ರಿಕೆಯ ತುಣುಕುಗಳದು. ಗೋಲು ಹೊಡೆದವನ ಹೆಸರೂ ನಿಮಿಷವೂ ವರದಿಯಲ್ಲಿರುತ್ತವೆ. ಇವರ ಹೆಸರು ಬಂದಿರುವುದು ಹೆಚ್ಚಾಗಿ ಹಳದಿ ಕಾರ್ಡ್ ಸಿಕ್ಕಾಗ. ಹಾಗೆಂದು ಅವರಿಗೆ ಬೇಸರವಿದೆ ಎಂದುಕೊಂಡರೆ ತಪ್ಪು. ನನಗೇ ಬೇಸರ. ಹಿಂದಿನವರ ಕಥೆಯೂ ಬೇರೆಯಲ್ಲ. ಬೆಂಗಳೂರಿನ ಕೆಂಪಯ್ಯ ಎಂಬ ಹಾಫ್‌ಬ್ಯಾಕ್ 1956ರ ಮೆಲ್ಬರ್ನ್, 1960ರ ರೋಮ್, ಎರಡೂ ಒಲಿಂಪಿಕ್ಸ್ ತಂಡಗಳಲ್ಲಿದ್ದರು, ಮೋಹನ್ ಬಾಗಾನ್ ಪರ ವರ್ಷಗಟ್ಟಲೆ ಆಡಿದರು. ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು, ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿತು. ಆ ಪಂದ್ಯದ ಬಗ್ಗೆ ಯಾರನ್ನು ಕೇಳಿದರೂ ನೆವಿಲ್ ಡಿಸೋಜರ ಹ್ಯಾಟ್ರಿಕ್ ಹೇಳುತ್ತಾರೆ. ಕೆಂಪಯ್ಯನವರ ಹೆಸರು ನಮ್ಮ ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ನನಗಂತೂ ಕಂಡಿಲ್ಲ. ಒಲಿಂಪಿಕ್ಸಿಗೆ ಹೋದವರದೇ ಹೀಗಾದರೆ ಎ ಡಿವಿಷನ್ನಿನವರದು ಹೇಗೋ!

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದಾಗ, 1968-69ರಲ್ಲಿ ಗೆದ್ದದ್ದೇ ಕೊನೆ. 54 ವರ್ಷ! ಸೋಮವಾರ ಮೇಷ್ಟ್ರು ಸ್ಟಾಫ್ ರೂಮಿಗೆ ಮೈಸೂರ್ ಪಾಕ್ ತಂದರು. ಹೆಡ್‌ಮಾಸ್ಟರು ಪೊಟ್ಟಣ ಬಿಚ್ಚುತ್ತ “ಏನ್ ಸಾರ್, ಇನ್‌ಕ್ರಿಮೆಂಟಾ?” ಎಂದರು.

ಕಳೆದ ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅವರ ಕಣ್ಣಿಗೆ ಬಿದ್ದಳು. ತಲೆ ಎತ್ತಿ ಆಡುತ್ತಾಳೆ, ಚೆಂಡು ಬರುವ ಮೊದಲೇ ಎಲ್ಲಿಗೆ ಕಳಿಸಬೇಕೆಂದು ಗೊತ್ತಿರುತ್ತದೆ ಎಂದು ನನ್ನ ಮುಂದೆ ಹೊಗಳಿದ್ದೇ ಹೊಗಳಿದ್ದು. ಅವಳನ್ನು ನಡುವಿಗೆ ಹಾಕಿದರು. ಜಿಲ್ಲಾ ಮಟ್ಟದಲ್ಲಿ ಕೆಜಿಎಫ್ ಹುಡುಗಿಯರ ಎದುರು ನಾವು ಸೋತೆವು, ಅದರಲ್ಲಿ ಆಶ್ಚರ್ಯವಿಲ್ಲ, ಆದರೆ ವಿಭಾಗ ಮಟ್ಟದ ಆಯ್ಕೆಗೆ ಅವಳ ಹೆಸರು ಹೋಯಿತು. ಮರುವಾರ ಅವಳ ಅಪ್ಪ ಬಂದ. ಟೊಮೆಟೊ ಬೆಳೆಗಾರ, ಕೋಲಾರ ಎಪಿಎಂಸಿಯಿಂದ ನೇರ ಬಂದಂತಿತ್ತು. ಮಗಳನ್ನು ಮುಂದೆ ಆಡಿಸಿ ಸಾರ್, ನಾಲ್ಕು ಗೋಲು ಹೊಡೆದರೆ ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಏನಾದರೂ ಆಗುತ್ತೆ ಎಂದು ತೆಲುಗಿನಲ್ಲಿ ಬೇಡಿಕೊಂಡ.

ಮೇಷ್ಟ್ರು ಬೀರು ತೆಗೆದು ತಮ್ಮ ಹಳೆಯ ಸರ್ಟಿಫಿಕೇಟೊಂದನ್ನು ಅವನ ಕೈಗಿತ್ತರು. ಹೆಸರು, ಆಟ, ವಯಸ್ಸಿನ ವರ್ಗ, ತಂಡ ಪಡೆದ ಸ್ಥಾನ, ಕೆಳಗೆ ಸಹಿ.

“ಇದ್ರಲ್ಲಿ ಗೋಲ್ಸ್ ಎಕ್ಕಡುಂದಿ ಚೂಪಿಂಚಣ್ಣಾ,” ಗೋಲು ಎಲ್ಲಿದೆ ತೋರಿಸಣ್ಣಾ, ಎಂದರು.

ಆತ ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಬೂಟಿಗೆ ಎಷ್ಟಾಗುತ್ತೆ ಎಂದು ಕೇಳಿದ.